ಒಂದೇ ಸಲ ಅತ್ತ ಕೂಸು

ಸೋಮವ್ವ ಯಾವ ಕಾರ್ಡನ್ನೂ ಮೊದಲೇ ಪೆನ್ನಿನಲ್ಲಿ ತುಂಬುತ್ತಿರಲಿಲ್ಲ. ಮೊದಲು ಪೆನ್ಸಿಲ್. ಗುರುವಾರ ಅಂಗನವಾಡಿಗೆ ಸಿಸ್ಟರ್ ಬಂದಾಗ ಅವರಿಗೊಮ್ಮೆ ತೋರಿಸಿ, ಅವರು ಹೂಂ ಅಂದ ಮೇಲೆ ಪೆನ್ನು. ಸಂಗೊಳ್ಳಿಯ ಆ ಓಣಿಗೆ ಅವಳು ಆಶಾ ಕಾರ್ಯಕರ್ತೆಯಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಮನೆಮನೆಗೆ ಹೋಗಿ ಬಸುರಿಯರ ತಾಯಿ ಕಾರ್ಡುಗಳನ್ನು ಮೊದಲ ಪುಟದಿಂದ ನೋಡುತ್ತ ಬಂದವಳಿಗೆ ಗಂಗಾಳ ಕಾರ್ಡಿನಲ್ಲಿ ಒಂದು ಸಾಲು ಖಾಲಿ ಸಿಕ್ಕಿತು.

"ಇದೊಂದ ಯಾಕ ಬಿಟ್ಟಾರ? ಹಿಂದಿನ ಹೆರಿಗಿದು," ಎಂದು ಸೋಮವ್ವ ಕನ್ನಡಕ ಏರಿಸಿಕೊಂಡಳು.

ಉತ್ತರ ಕೊಟ್ಟದ್ದು ಗಂಗಾ ಅಲ್ಲ, ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದ ಅವಳ ಅತ್ತೆ ಬಾಯವ್ವ. "ಅದರಾಗ ಬರಿಯೂದೇನೈತಿ? ಸತ್ತ ಹುಟ್ಟಿತ್ರಿ. ತವರಮನಿಗೆ ಹೋದಾಗ ಆದದ್ದು. ಏಳ ತಿಂಗಳಿಗಾದ್ರೂ ಆಗಿದ್ರ ಉಳೀತಿತ್ತೋ ಏನೋ, ಎಂಟರಾಗ ಹುಟ್ಟಿದ್ದು ಉಳಿಯಂಗಿಲ್ಲ."

"ಹಂಗೇನಿಲ್ರಿ ಬಾಯಕ್ಕಾ. ಏಳಕ್ಕಿಂತ ಎಂಟ ಚಲೋ. ಒಳಗ ಇದ್ದಷ್ಟು ಕೂಸಿಗೆ ಬಲಾ ಬರ್ತೈತಿ."

"ನೀವೆಷ್ಟ ಹಡದೀರಿ?"

"ಎರಡ್ರಿ."

"ನಾ ಏಳ ಹಡದೇನಿ," ಎಂದು ಬಾಯವ್ವ ಮೊರವನ್ನು ಒಮ್ಮೆ ಜೋರಾಗಿ ಕೇರಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ಗಂಗಾ ಕಂಬಕ್ಕೆ ಒರಗಿ ಕೂತಿದ್ದಳು. ಆರು ತುಂಬಿ ಏಳಕ್ಕೆ ಬಿದ್ದಿತ್ತು. ಕಾರ್ಡಿನ ಮೇಲುಗಡೆ ಬರೆದಿದ್ದ ಅಕ್ಷರಗಳನ್ನು ಅವಳು ಮೂರನೆಯ ತಿಂಗಳಿನಿಂದ ನೋಡುತ್ತಲೇ ಇದ್ದಳು. ಜಿ ಎರಡು, ಪಿ ಒಂದು, ಎಲ್ ಸೊನ್ನೆ, ಎ ಸೊನ್ನೆ. ಯಾರನ್ನೂ ಕೇಳಿರಲಿಲ್ಲ. ಇವತ್ತು ಕೇಳಿದಳು.

ಸೋಮವ್ವ ಬೆರಳಿಟ್ಟು ಹೇಳಿದಳು. ಜಿ ಅಂದರೆ ಎಷ್ಟು ಸಲ ಬಸುರಾದದ್ದು. ಈಗಿನದೂ ಸೇರಿ ಎರಡು. ಪಿ ಅಂದರೆ ಎಷ್ಟು ಹೆರಿಗೆ, ಒಂದು. ಎ ಅಂದರೆ ಗರ್ಭ ಇಳಿದುಹೋದದ್ದು, ಇಲ್ಲ. "ಎಲ್ ಅಂದ್ರ ಇವತ್ತ ಕಣ್ಣ ಮುಂದ ಇರೂ ಮಕ್ಕಳು," ಎನ್ನುವಾಗ ಮಾತ್ರ ಅವಳ ದನಿ ಸಣ್ಣದಾಯಿತು.

"ಮತ್ತ ಆ ಖಾಲಿ ಸಾಲಿನ್ಯಾಗ ಏನ ಬರೀತೀರಿ?"

"ಎರಡ ಅದಾವ ತಂಗಿ. ಜೀವಂತ ಜನನ, ಇಲ್ಲಾ ನಿರ್ಜೀವ ಜನನ. ಒಂದಕ್ಕ ಗುರುತ ಹಾಕಬೇಕು."

"ಎರಡಕ್ಕೂ ಏನ ಫರಕ್ರಿ? ಹೆಂಗಿದ್ರೂ ಕೂಸು ಇಲ್ಲಲ್ಲ."

ಸೋಮವ್ವನಿಗೆ ಗೊತ್ತಿತ್ತು. ಆದರೂ ತಪ್ಪು ಹೇಳಿಬಿಟ್ಟರೆ ಎಂಬ ಅಂಜಿಕೆಗೆ ಚೀಲದಿಂದ ತರಬೇತಿಯ ನೋಟುಬುಕ್ಕು ತೆಗೆದಳು. ಹಾಳೆ ಹುಡುಕಿ, ಒಮ್ಮೆ ಮನಸ್ಸಿನಲ್ಲಿ ಓದಿಕೊಂಡು, ಆಮೇಲೆ ಹೇಳಿದಳು. "ಕೂಸು ಹೊರಗ ಬಂದ ಮ್ಯಾಲೆ ಒಂದ ಉಸರ ಎಳಕೊಂಡ್ರೂ, ಒಂದ ಸಲ ಅತ್ತರೂ, ಎದಿ ಹೊಡಕೊಂಡ್ರೂ, ಕೈಕಾಲ ಅಳ್ಳಾಡಿಸಿದ್ರೂ ಅದು ಜೀವಂತ ಜನನ. ಎಷ್ಟೊತ್ತ ಬದಕ್ತು ಅನ್ನೂದ ಲೆಕ್ಕಕ್ಕಿಲ್ಲ. ಒಂದ ಮಿನಿಟ ಆದ್ರೂ ಅಷ್ಟ. ಇದ್ಯಾವದೂ ಇಲ್ಲಂದ್ರ ನಿರ್ಜೀವ."

"ಅದರಿಂದ ಈಗೇನಾಕ್ಕೈತಿ?"

"ಆಕ್ಕೈತಿ. ಸತ್ತ ಹುಟ್ಟಿದ್ರ, ಹೊಟ್ಟ್ಯಾಗ ಏನ ತಪ್ಪಿತು ಅಂತ ಹುಡಕ್ತಾರ. ಹುಟ್ಟಿ ಹೋಗಿದ್ರ, ಹುಟ್ಟಿದ ಮ್ಯಾಲೆ ಅದಕ್ಕೇನ ಬೇಕಿತ್ತು ಅಂತ ನೋಡ್ತಾರ. ಉಸರ ಸಾಲದ ಹೋಗಿದ್ರ ಈ ಸಲ ಮೊದಲೇ ದೊಡ್ಡ ದವಾಖಾನಿಗೆ, ಕೂಸನ್ನ ಬೆಚ್ಚಗಿಡೂ ಪೆಟಗಿ ಇದ್ದಲ್ಲಿಗೆ ಹೋಗಬೇಕಾಕ್ಕೈತಿ."

ಬಾಯವ್ವ ಮೊರದಿಂದ ತಲೆ ಎತ್ತಲಿಲ್ಲ. "ಬರ್ಕೊರಿ, ಸತ್ತ ಹುಟ್ಟಿದ್ದಂತ."

ಸೋಮವ್ವ ನಿರ್ಜೀವ ಎಂಬಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದಳು. ಕಂಡೂ ಕಾಣದಷ್ಟು ತೆಳುವಾದ ಗುರುತು. ಗುರುವಾರಕ್ಕೆ ಇನ್ನು ಮೂರು ದಿನವಿತ್ತು.

ಗಂಗಾಳಿಗೆ ಆ ದಿನದ ನೆನಪು ಹರಿದ ಬಟ್ಟೆಯ ಹಾಗೆ, ಅಲ್ಲೊಂದು ತುಂಡು, ಇಲ್ಲೊಂದು ತುಂಡು. ಮೂರು ವರ್ಷದ ಹಿಂದೆ, ಕಬ್ಬು ಕಡಿಯುವ ದಿನಗಳು. ತವರೂರು ಚಚಡಿಯಲ್ಲಿ ಮುಂಜಾನೆ ಎದ್ದು ಅಂಗಳ ಸಾರಿಸುವಾಗ ಸೊಂಟ ಹಿಡಿದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ನೀರು ಹೋಯಿತು. ಹತ್ತಿರದಲ್ಲಿ ಸಿಕ್ಕ ಟೆಂಪೋದ ಹಿಂದೆ ಕೌದಿ ಹಾಸಿ ಮಲಗಿಸಿದರು. ಪಕ್ಕದಲ್ಲಿ ಅವ್ವ. ಆಮೇಲೆ ಕತ್ತಲೆ. ಆ ಕತ್ತಲೆಯೊಳಗೆ ಎರಡೇ ಎರಡು ಸಂಗತಿಗಳು ಅವಳಿಗೆ ಉಳಿದಿದ್ದವು. ಒಂದು, ಒಂದು ದನಿ. ಇನ್ನೊಂದು, ಎದೆಯ ಮೇಲೆ ಬೆಚ್ಚಗಿನ ಒಂದು ಭಾರ.

ದವಾಖಾನೆಯಲ್ಲಿ ಎಚ್ಚರಾದಾಗ ಅವಳು ಮೊದಲು ಕೇಳಿದ್ದೇ ಅದು. "ಅತ್ತಂಗಾತಲ್ಲವ್ವಾ." ಅವ್ವ ಕೆಂಚವ್ವ ಮುಖ ಆ ಕಡೆ ಮಾಡಿ, "ಟೆಂಪೋದ ಬಾಗಲ ಕಿರುಗುಟ್ಟಿರಬೇಕು. ಕೂಸು ಹೊಟ್ಟ್ಯಾಗ ಹೋಗಿತ್ತ ಯವ್ವಾ," ಅಂದಿದ್ದಳು. ಎದೆಯ ಮೇಲಿನ ಭಾರ? "ಥಂಡಿ ಆದೀತಂತ ಕೌದಿ ಮಡಚಿ ಹೊಚ್ಚಿದ್ನಿ." ಹೆಣ್ಣು ಕೂಸು ಎಂಬುದೊಂದನ್ನು ಮಾತ್ರ ಹೇಳಿದರು. ಅವಳಿಗೆ ತೋರಿಸುವ ಮೊದಲೇ ಅಪ್ಪ ಮಡಿವಾಳೆಪ್ಪ ಒಯ್ದು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದಿದ್ದ.

ಮೂರನೆಯ ದಿನ ಹಾಲು ಇಳಿಯಿತು. ಕುಡಿಯುವ ಬಾಯಿ ಇಲ್ಲ ಎಂಬುದು ಮೈಗೆ ಯಾರು ಹೇಳಬೇಕು? ಕುಪ್ಪಸ ತೊಯ್ದು ತೊಯ್ದು ಗಟ್ಟಿಯಾಗುತ್ತಿತ್ತು. ಕೆಂಚವ್ವ ಮಲ್ಲಿಗೆ ಹೂವು ತಂದು ಎದೆಗೆ ಹಾಕಿ ಅರಿವೆ ಬಿಗಿದು ಕಟ್ಟಿದಳು. ವಾರಕ್ಕೆ ಹಾಲು ಬತ್ತಿತು. ಇವತ್ತಿಗೂ ಯಾರಾದರೂ ಮಲ್ಲಿಗೆ ಮುಡಿದುಕೊಂಡು ಹತ್ತಿರ ಬಂದರೆ ಗಂಗಾ ಅಲ್ಲಿಂದ ಎದ್ದು ಹೋಗುತ್ತಾಳೆ.

ಗಂಡ ಗೌರೀಶನಿಗೆ ಒಮ್ಮೆ ಹೇಳಿದ್ದಳು, ದನಿ ಕೇಳಿತ್ತು ಅಂತ. ಬೈಲಹೊಂಗಲದ ಗೊಬ್ಬರದ ಅಂಗಡಿಯಲ್ಲಿ ದುಡಿದು ಬಂದು ಉಣ್ಣುತ್ತ ಕೂತಿದ್ದ ಅವನು ತುತ್ತು ಕೈಯಲ್ಲೇ ಹಿಡಿದು ಅವಳ ಮುಖ ನೋಡಿ, "ಆಗಿಂದೆಲ್ಲಾ ಯಾಕ ಕೆದರ್ತಿ?" ಅಂದ. ಸಿಟ್ಟಿನಿಂದ ಅಲ್ಲ. ಆಮೇಲೆ ಅವಳು ಯಾರಿಗೂ ಹೇಳಲಿಲ್ಲ. ಕೂಸು ಬದುಕಲಿಲ್ಲ ಎಂಬುದಕ್ಕೆ ಅವಳು ಅತ್ತು ಮುಗಿಸಿದ್ದಳು. ಮುಗಿಯದೆ ಉಳಿದದ್ದು ಬೇರೆ. ಒಂದು ಕ್ಷಣವಾದರೂ ಅದು ಈ ಗಾಳಿ ಕುಡಿದಿತ್ತೋ ಇಲ್ಲವೋ? ತಾನು ಅದಕ್ಕೆ ತಾಯಿಯಾಗಿ ಒಂದು ಗಳಿಗೆ ಇದ್ದೆನೋ ಇಲ್ಲವೋ?

ಈಗ ಸೋಮವ್ವನ ನೋಟುಬುಕ್ಕು, ಒಂದ ಸಲ ಅತ್ತರೂ ಸಾಕು ಎಂದು ಹೇಳಿಹೋಗಿತ್ತು.

ಬುಧವಾರ ಕೆಂಚವ್ವ ಬಯಕಿ ಬುತ್ತಿ ಹೊತ್ತುಕೊಂಡು ಬಂದಳು. ಏಳನೆಯ ತಿಂಗಳಿಗೆ ತವರಿನಿಂದ ಬುತ್ತಿ ಬರಬೇಕು. ಬಸುರಿ ಬಯಸಿದ್ದನ್ನು ತವರಿನವರು ಇಲ್ಲ ಅನ್ನಬಾರದು. ಹಾಗೆಂದುಬಿಟ್ಟರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ಎರಡು ಬಸ್ಸು ಬದಲಿಸಿ ಬಂದವಳ ಬುಟ್ಟಿಯಿಂದ ಸಜ್ಜಿ ರೊಟ್ಟಿ, ಎಣ್ಣಿಗಾಯಿ ಪಲ್ಯ, ಕರಿಗಡಬು, ಗುರೆಳ್ಳಿನ ಹಿಂಡಿ, ಮೊಸರು ಬುತ್ತಿ ಒಂದೊಂದಾಗಿ ಹೊರಬಂದವು. ಓಣಿಯ ಹೆಂಗಸರು ಸೇರಿದರು.

"ಹೋದ ಸಲಕ್ಕಿಂತ ಕಡಬು ಸಣ್ಣಾಗ್ಯಾವಲ್ರಿ ಬೀಗತಿ," ಎಂದಳು ಬಾಯವ್ವ.

"ನಿಮ್ಮ ಬಾಯಿ ದೊಡ್ಡದಾಗೈತಿ, ಅದಕ್ಕ ಹಂಗ ಕಾಣತಾವು," ಎಂದಳು ಕೆಂಚವ್ವ. ಪಡಸಾಲೆ ತುಂಬ ನಗು.

ಗಂಗಾ ಉಡಿ ತುಂಬಿಸಿಕೊಂಡು, ಎಲ್ಲರೂ ಸಾಕು ಅನ್ನುವಷ್ಟು ತಿಂದಳು. ನಾಲ್ಕು ಗಂಟೆಗೆ ಹೆಂಗಸರು ಎದ್ದರು, ಬಾಯವ್ವ ಪಕ್ಕದ ಮನೆಗೆ ಕಡಬು ಕೊಡಲು ಹೋದಳು. ಪ್ರಯಾಣದ ಗಡಿಬಿಡಿಯಲ್ಲಿ ಮುಂಜಾನೆಯ ಪೂಜೆ ತಪ್ಪಿತ್ತು. ಎಲ್ಲರೂ ಉಂಡರೂ ಕೆಂಚವ್ವ ಉಂಡಿರಲಿಲ್ಲ. ಹಿತ್ತಿಲಲ್ಲಿ ಕೈಕಾಲು ತೊಳೆದು, ತುಳಸಿಕಟ್ಟೆಯ ಬದಿಗೆ ಕೂತು, ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ್ದ ಅರಿವೆಯ ಗಂಟು ಬಿಚ್ಚಿ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡಳು. ವಿಭೂತಿ ಹಚ್ಚಿ, ಒಂದು ಹೂವಿಟ್ಟು, ಕಣ್ಣು ಮುಚ್ಚಿದಳು.

ಗಂಗಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವ್ವನ ಕೊರಳಲ್ಲಿ ಅವಳು ಚಿಕ್ಕಂದಿನಿಂದ ಕಂಡದ್ದು ಈ ಅರಿವೆಯ ಗಂಟಲ್ಲ. ಅಜ್ಜಿ ಮಾಡಿಸಿಕೊಟ್ಟ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಸ್ನಾನಕ್ಕೂ, ನಿದ್ದೆಗೂ, ಹಡೆಯುವಾಗಲೂ ಅವ್ವ ಅದನ್ನು ಮೈಬಿಟ್ಟು ಇಟ್ಟವಳಲ್ಲ. ಮೂರು ವರ್ಷದ ಹಿಂದೆ ಅದು ದವಾಖಾನೆಯ ಗದ್ದಲದಲ್ಲಿ ಕಳೆಯಿತು ಎಂದು, ಮುನವಳ್ಳಿಗೆ ಹೋಗಿ ಅಯ್ಯನವರ ಕೈಯಿಂದ ಹೊಸದು ಕಟ್ಟಿಸಿಕೊಂಡು ಬಂದಿದ್ದಳು. ತನ್ನ ದುಃಖದಲ್ಲಿ ಗಂಗಾ ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದಳು. ಇವತ್ತು ಅಂಗೈಯ ಮೇಲಿನ ಆ ಹೊಸ ಲಿಂಗ ನೋಡುತ್ತ ನಿಂತಾಗ ಅವಳಿಗೆ ಅನಿಸಿತು: ಸೀರೆ ಕಳೆಯಬಹುದು, ತಾಳಿ ಕಳೆಯಬಹುದು, ಅವ್ವ ಲಿಂಗ ಕಳೆದುಕೊಳ್ಳುವವಳಲ್ಲ.

ಪೂಜೆ ಮುಗಿಯುವ ತನಕ ಕಾದು ಅವಳು ಪಕ್ಕದಲ್ಲಿ ಕೂತಳು.

"ಯವ್ವಾ, ಹಳೇ ಲಿಂಗ ಎಲ್ಲೈತಿ?"

ಗಂಟು ಕಟ್ಟುತ್ತಿದ್ದ ಕೆಂಚವ್ವನ ಬೆರಳು ನಿಂತವು. "ಕಳೀತಂತ ಹೇಳೇನಲ್ಲ."

"ಟೆಂಪೋದಾಗ ಕೂಸು ಅತ್ತಿತ್ತಿಲ್ಲೋ?"

"ಈಗ್ಯಾಕ ಅದು? ಹೊಟ್ಟ್ಯಾಗ ಒಂದನ್ನ ಇಟ್ಕೊಂಡು ಅಂಥಾ ಮಾತ ಆಡಬಾರದು. ಬಾ, ನಾ ಉಣ್ಣಬೇಕು."

"ಕುಂದರು." ಗಂಗಾ ಅವ್ವನ ಸೆರಗು ಹಿಡಿದಳು. "ಮುಂಜಾನಿಂದ ಹತ್ತ ಸಲ ಕೇಳಿದಿ, ಮತ್ತೇನ ಬಯಕಿ ಐತಿ ಹೇಳು, ಮತ್ತೇನ ಬಯಕಿ ಐತಿ ಹೇಳು ಅಂತ. ಇದೇ ನನ್ನ ಬಯಕಿ. ಬ್ಯಾರೆ ಯಾವದೂ ಇಲ್ಲ. ಇಲ್ಲ ಅಂತೀಯೇನ?"

ಕೆಂಚವ್ವ ಮಗಳ ಹೊಟ್ಟೆ ನೋಡಿದಳು. ಬಯಕೆಗೆ ಇಲ್ಲ ಅಂದ ತವರು ಆ ಸೀಮೆಯಲ್ಲಿ ಇರಲಿಲ್ಲ. ಹಿತ್ತಿಲ ಗೋಡೆಯಾಚೆ ಯಾರದೋ ಎಮ್ಮೆ ಕೂಗಿತು. ಕೂಗಿ ನಿಂತಿತು.

"ಲಿಂಗ ಕೂಸಿನ ಕೊಳ್ಳಾಗೈತಿ," ಎಂದಳು ಕೆಂಚವ್ವ. "ಹೊಲದಾಗ, ಅದರ ಜೋಡಿ."

ಸತ್ತು ಹುಟ್ಟಿದ್ದಕ್ಕೆ ಯಾರೂ ಲಿಂಗ ಕಟ್ಟುವುದಿಲ್ಲ.

ಆಮೇಲೆ ಕೆಂಚವ್ವ ನಿಲ್ಲಲಿಲ್ಲ. ಮೂರು ವರ್ಷ ಬಾಯಲ್ಲಿ ಇಟ್ಟುಕೊಂಡದ್ದು ಒಂದೇ ಉಸಿರಿಗೆ ಬಂತು. "ಹಿಂದ ನಾವಿಬ್ಬರೇ. ಮುಂದ ನಿಮ್ಮಪ್ಪ, ಗಾಡಿ ಹೊಡಿಯೂ ಬಸಲಿಂಗಪ್ಪ. ನಿನಗ ಎಚ್ಚರಿರಲಿಲ್ಲ. ನನ್ನ ಕೈಯಾಗ ಬಂತು. ಮೊಣಕೈ ಉದ್ದ ಇರಲಿಲ್ಲ ನೋಡು. ಮೈಯೆಲ್ಲಾ ಬೆಣ್ಣಿ ಹಚ್ಚಿದಂಗ. ಒಂದ ಸಲ ಅತ್ತಿತು. ಒಂದೇ ಸಲ. ಗುಬ್ಬಿ ಎದಿ ಹಂಗ ಎದಿ ಹೊಡಕೊಳ್ಳಾಕ ಹತ್ತಿತ್ತು. ಉಸರ ಎಳಕೊಳ್ಳೂದು, ನಿಂದರೂದು, ಮತ್ತ ಎಳಕೊಳ್ಳೂದು. ಉಳಿಯಂಗಿಲ್ಲ ಅನಸ್ತು. ಎಂಟರಾಗಿಂದು ಉಳಿಯಂಗಿಲ್ಲಂತ ನಮ್ಮವ್ವ, ಅವರವ್ವ ಎಲ್ಲಾರೂ ಹೇಳಿದ್ದು. ಲಿಂಗಿಲ್ಲದ ಹ್ವಾದ್ರ ಹೆಂಗಂತ ನನ್ನ ಜೀವ ಹಾರಿಹೋತು. ಕುಲಕ್ಯಾಡೂ ಗಾಡ್ಯಾಗ ಗಂಟ ಹಾಕಾಕ ಬರವಲ್ದು. ನಾನೇ ಅಂದ್ನಿ, ಗಾಡಿ ನಿಂದ್ರಸಪಾ ಬಸಲಿಂಗಾ ಅಂತ. ನಿಂದ್ರಿಸಿದಾ. ನನ್ನ ಕೊಳ್ಳಾಗಿಂದ ತಗದು ಅದಕ್ಕ ಕಟ್ಟಿದ್ನಿ. ಕಿವ್ಯಾಗ ನಮಃ ಶಿವಾಯ ಅಂದ್ನಿ. ಕಬ್ಬಿನ ಟ್ರ್ಯಾಕ್ಟರ ಒಂದರ ಹಿಂದ ಒಂದು ಹಾದ ಹ್ವಾದೂ. ಹತ್ತ ಮಿನಿಟ ಆಗಿರಬೇಕು. ಮತ್ತ ಗಾಡಿ ಹೊಂಟು ಹಳ್ಳದ ಸೇತುವಿ ದಾಟೂದರಾಗ..."

ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ದವಾಖಾನ್ಯಾಗ ಕೇಳಿದ್ರು, ಯಾವಾಗ ಹೋತು ಅಂತ. ಜೀವ ಇತ್ತು ಅಂದ್ರ, ಎಲ್ಲೀ ತನಕಾ ಇತ್ತು, ದಾರ್ಯಾಗ ಏನ ಮಾಡಿದ್ರಿ ಅಂತ ಕೇಳ್ತಾರ. ಅವರ ಬಿಡು, ನೀ ಕೇಳ್ತಿ. ಆ ಹತ್ತ ಮಿನಿಟ ನಾ ಕಳದ್ನಿ. ಅದಕ್ಕ ಹುಟ್ಟಿದಾಗೇ ಇರಲಿಲ್ಲ ಅಂದ್ಬಿಟ್ನಿ. ಇಲ್ಲದ್ದನ್ನ ಲಗೂನ ಮರೀತಿ ಅಂತ ತಿಳಕೊಂಡಿದ್ನಿ."

ಗಂಗಾ ಸೆರಗು ಬಿಟ್ಟಳು. ಇಷ್ಟು ವರ್ಷ ಬೇಡಿದ್ದು ಸಿಕ್ಕಿತ್ತು, ಸಿಕ್ಕ ಕೂಡಲೇ ಕೈ ಸುಟ್ಟಿತ್ತು. ಒಂದು ಗಳಿಗೆ ಸಾಕು ಅಂದುಕೊಂಡಿದ್ದಳು. ಹತ್ತು ನಿಮಿಷಕ್ಕೂ ಹೆಚ್ಚು ಇತ್ತು. ಅಷ್ಟೂ ಹೊತ್ತು ತಾನು ಗೇಣು ದೂರದಲ್ಲಿ ಮಲಗಿದ್ದೆ. ಅವಳ ಗಂಟಲಿನಿಂದ ಬಂದ ಮಾತು ಟೆಂಪೋ ನಿಲ್ಲಿಸಿದ್ದರ ಬಗ್ಗೆ ಅಲ್ಲ.

"ನನ್ನ ಮೈ ಮ್ಯಾಲೆ ಒಂದ ಸಲಾ ಹಾಕಬಾರದೇನ ಯವ್ವಾ?"

"ಹಾಕಿದ್ನೆಲ್ಲ," ಎಂದಳು ಕೆಂಚವ್ವ. "ಲಿಂಗಾ ಕಟ್ಟಿ ನಿನ್ನ ಎದಿ ಮ್ಯಾಲೇ ಹಾಕಿದ್ನಿ. ಬೆಚ್ಚಗಿರಲಿ ಅಂತ ಮ್ಯಾಲ ನನ್ನ ಸೆರಗು ಹೊಚ್ಚಿದ್ನಿ. ಅಲ್ಲೇ ಹೋತದು. ನಿನ್ನ ಎದಿ ಮ್ಯಾಲೇ."

ಬಾಯವ್ವ ಪಕ್ಕದ ಮನೆಯಿಂದ ಬಂದಾಗ ತಾಯಿ ಮಗಳು ಹಿತ್ತಿಲಲ್ಲೇ ಕೂತಿದ್ದರು. "ಉಣ್ಣದ ಕುಂತೀರೇನ್ರಿ ಬೀಗತಿ? ತವರಿನ ಬುತ್ತಿ ಮಗಳ ತಿಂದ ಮುಗಿಸಿದಳಂತ ಸಿಟ್ಟೇನು?" ಎಂದವಳು, ಇಬ್ಬರ ಮುಖ ನೋಡಿ, ಮುಂದೆ ಏನೂ ಕೇಳದೆ ಒಳಗೆ ಹೋಗಿ ತಾಟಿಗೆ ಬಡಿಸಿ ತಂದಿಟ್ಟಳು.

ಆ ರಾತ್ರಿ ಅಲ್ಲೇ ಉಳಿದ ಕೆಂಚವ್ವನೂ ಬಾಯವ್ವನೂ ಗುರುವಾರ ಗಂಗಾಳ ಜೊತೆ ಅಂಗನವಾಡಿಗೆ ಬಂದರು. ಪದ್ಮಜಾ ಸಿಸ್ಟರ್ ತೂಕ ನೋಡಿ, ಬಿ.ಪಿ. ನೋಡಿ, ಹೊಟ್ಟೆಗೆ ಕಿವಿಗೊಳವೆ ಹಚ್ಚಿ ಕೂಸಿನ ಎದೆಬಡಿತ ಕೇಳಿ, ಎಲ್ಲ ಸರಿ ಅದ ಎಂದರು. ಸೋಮವ್ವ ಕಾರ್ಡು ಮುಂದೆ ಹಿಡಿದು ಖಾಲಿ ಸಾಲಿನ ಪೆನ್ಸಿಲ್ ಗುರುತು ತೋರಿಸಿದಳು. "ಇದು ನಿರ್ಜೀವ ಅಂದಾರ್ರಿ ಸಿಸ್ಟರ್. ಪೆನ್ನಿಲೆ ಬರೀಲಿ?"

ಗಂಗಾ ಅವ್ವನ ಕಡೆ ನೋಡಲಿಲ್ಲ. ತಾನೇ ಹೇಳಿಬಿಡಬಹುದಿತ್ತು. ಆದರೆ ಪಕ್ಕದಲ್ಲಿ ಅತ್ತೆ ಇದ್ದಳು, ಹತ್ತು ನಿಮಿಷದ ಮಾತು ಅವ್ವನದು; ಅದನ್ನು ಬೀಗತಿಯ ಎದುರು ಹೊರಗೆ ಹಾಕಲು ತನಗೆ ಹಕ್ಕಿಲ್ಲ ಅನಿಸಿತು.

"ಬ್ಯಾಡ್ರಿ, ತಡೀರಿ," ಎಂದಳು ಕೆಂಚವ್ವ. ಎದ್ದು ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ, ಎಲ್ಲವನ್ನೂ ಹೇಳಿದಳು. ಗಾಡಿ ನಿಲ್ಲಿಸಿದ್ದನ್ನೂ ಬಿಡಲಿಲ್ಲ. ಕೊನೆಗೆ, "ನಾ ನಿಂದ್ರಸದ ಹೋಗಿದ್ರ ಉಳೀತಿತ್ತೇನ್ರಿ ಸಿಸ್ಟರ್?" ಎಂದು ಕೇಳಿದಳು.

ಸಿಸ್ಟರ್ ಕಿವಿಗೊಳವೆಯನ್ನು ಮಡಚಿ ಬದಿಗಿಟ್ಟರು. "ಸುಳ್ಳ ಸಮಾಧಾನ ನಾ ಹೇಳಂಗಿಲ್ರಿ. ಉಳೀತಿತ್ತೋ ಇಲ್ಲೋ ಈಗ ಯಾರಿಗೂ ಹೇಳಲಿಕ್ಕೆ ಬರಂಗಿಲ್ಲ. ಎದಿ ಮ್ಯಾಲೆ ಹಾಕಿ ಹೊಚ್ಚಿದ್ರೆಲ್ಲ, ಅದು ಮಾತ್ರ ನಾವೂ ಹೇಳಿಕೊಡೂದು." ಆಮೇಲೆ ಗಂಗಾಳ ಕಡೆ ತಿರುಗಿದರು. "ಅಂದ್ರ ಹೋದ ಸಲ ದಿನಾ ತುಂಬೂಕಿಂತ ಮೊದಲೇ ಆಗಿ, ಕೂಸಿಗೆ ಉಸಿರು ಸಾಲದ ಹೋಗ್ಯದ. ಇದು ಗೊತ್ತಾದದ್ದು ಛಲೋ ಆತು. ಎಂಟನೇದು ಹಿಡಿಯೂದರಾಗ ಬೈಲಹೊಂಗಲದಾಗ ಯಾರದರ ಮನ್ಯಾಗ ಇರ್ರಿ. ಹೊಟ್ಟಿ ಬಿಗದು ಬಿಗದು ಬಿಟ್ರ, ನೀರ ಹೋದ್ರ, ಒಂದ ತಾಸೂ ಕಾಯಬ್ಯಾಡ್ರಿ. ಹೆರಿಗಿ ಆಗೂಕಿಂತ ಮೊದಲೇ ದೊಡ್ಡ ದವಾಖಾನಿ ಮುಟ್ಟಿದ್ರ ಕೂಸಿನ ಪುಪ್ಪಸಕ್ಕ ಬಲಾ ಬರೂ ಸೂಜಿ ಅದ. ಆದ ಮ್ಯಾಲೆ ಅದು ಉಪಯೋಗಿಲ್ಲ."

ಸೋಮವ್ವ ರಬ್ಬರಿನಿಂದ ತೆಳು ಗುರುತನ್ನು ಅಳಿಸಿ, ಪುಡಿಯನ್ನು ಊದಿ, ಪೆನ್ನು ತೆಗೆದಳು. ಜೀವಂತ ಜನನ. ಹೆಣ್ಣು. ದಿನ ತುಂಬುವ ಮೊದಲು. ಪಕ್ಕದಲ್ಲಿ, ಹುಟ್ಟಿದ ದಿನವೇ ಮರಣ. ಬರೆದಾದ ಮೇಲೆ ಕಾರ್ಡನ್ನು ಗಂಗಾಳ ಕೈಗೆ ಕೊಟ್ಟಳು. ಮೇಲಿನ ಎಲ್ ಸೊನ್ನೆ ಸೊನ್ನೆಯಾಗಿಯೇ ಇತ್ತು. ಗಂಗಾ ಅದನ್ನು ನೋಡಿ, ಕೆಳಗಿನ ಸಾಲನ್ನು ಎರಡು ಸಲ ಓದಿ, ಮಸಿ ಒಣಗುವ ತನಕ ಕಾರ್ಡನ್ನು ಮಡಚದೆ ಹಿಡಿದುಕೊಂಡಳು.

ಬಾಯವ್ವ ಇಬ್ಬರಿಗಿಂತ ಮೊದಲೇ ಮನೆ ಸೇರಿದಳು. ಕೆಂಚವ್ವ ಹೊರಡಲು ಬುಟ್ಟಿ ಎತ್ತಿಕೊಂಡಾಗ ಅದನ್ನು ಕಸಿದುಕೊಂಡ ಹಾಗೆ ಇಸಿದುಕೊಂಡು, ಎರಡು ಸೇರು ಜೋಳ ಸುರಿದು, ಮೇಲೆ ಬೆಲ್ಲದ ಹೆಂಟೆ ಇಟ್ಟಳು. "ಬುತ್ತಿ ತಂದ ಬುಟ್ಟಿ ಖಾಲಿ ಒಯ್ಯಬಾರದು," ಎಂದಳು. ಆಮೇಲೆ ಗೋಡೆ ನೋಡುತ್ತ, "ಮೂರ ವರ್ಷ ಆತು, ನನ್ನ ಮೊಮ್ಮಗಳನ್ನ ನಾನೇ ಸತ್ತ ಹುಟ್ಟಿದ್ದು, ಸತ್ತ ಹುಟ್ಟಿದ್ದು ಅಂದ್ಕೊಂತ ಬಂದ್ನಿ. ಮೊದಲೇ ಹೇಳಬೇಕಿತ್ತು ನೀವು," ಎಂದಳು. ಸಿಟ್ಟು ಇತ್ತು. ಸಿಟ್ಟಿನ ಹಿಂದೆ ಇದ್ದದ್ದು ಕೆಂಚವ್ವನಿಗೂ ಕಂಡಿತು. ಅವಳು ಬೀಗತಿಯ ಕೈಮುಟ್ಟಿ ಹೊರಬಿದ್ದಳು.

ಬಸ್ಸಿನ ಕಟ್ಟೆಯ ತನಕ ಗಂಗಾ ಬಂದಳು. ಇನ್ನೂ ಬಸ್ಸಿರಲಿಲ್ಲ. ತಾಯಿ ಮಗಳು ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಕೂತರು. ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಗಂಗಾ ಕೇಳಿದಳು.

"ಯವ್ವಾ, ಹೆಂಗ ಅತ್ತಿತು?"

"ಹೆಂಗಂದ್ರ?"

"ಹೆಂಗ ಅತ್ತಿತೋ ಹಂಗ. ಮಾಡಿ ತೋರಸು."

ಕೆಂಚವ್ವ ಸುತ್ತ ನೋಡಿದಳು. ಕಟ್ಟೆಯ ಆ ತುದಿಯಲ್ಲಿ ಇಬ್ಬರು ಗಂಡಸರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಅವಳು ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು, ಮಗಳ ಕಿವಿಯ ಹತ್ತಿರ ಬಾಯಿ ತಂದಳು. ಆ ಮುದಿ ಗಂಟಲಿನಿಂದ ಸಣ್ಣದೊಂದು ದನಿ ಬಂತು. ಕಣ್ಣು ಬಿಡದ ಬೆಕ್ಕಿನ ಮರಿಯದರ ಹಾಗೆ, ಶುರುವಾಗಿ ನಡುವೆಯೇ ಕಡಿದುಹೋಗುವ ದನಿ.

ಗಂಗಾ ಕಣ್ಣು ಮುಚ್ಚಿದಳು.

"ಅದೇ," ಎಂದಳು. "ಅದೇ ಐತಿ ಯವ್ವಾ. ಇನ್ನೊಂದ ಸಲ."

"ಒಂದೇ ಸಲ ಅತ್ತಿದ್ದು, ಮಗಳ," ಎಂದಳು ಕೆಂಚವ್ವ.

ದೂರದಲ್ಲಿ ಬಸ್ಸಿನ ಧೂಳು ಕಂಡಿತು.